ಹಳೆಯ ಕಾರು: ದುರಸ್ತಿಯೋ, ಬದಲಾವಣೆಯೋ?

ನಿಮ್ಮ ಮನೆಯ ಅಂಗಳದಲ್ಲೂ ಅಂತಹದೊಂದು ಕಾರು ನಿಂತಿರಬಹುದು. ಬಣ್ಣ ಮಾಸಿದೆ. ಎರಡು ಸಲ ಎಳೆದು ಹಾಕಿದರೆ ಮಾತ್ರ ಬಾಗಿಲು ಮುಚ್ಚುತ್ತದೆ. ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಆಗಬೇಕಾದರೆ ಇಬ್ಬರು ತಳ್ಳಬೇಕು. ಆದರೂ ಹುಟ್ಟಿದ ಮಗು ಆಸ್ಪತ್ರೆಯಿಂದ ಮನೆಗೆ ಬಂದದ್ದು ಅದೇ ಕಾರಿನಲ್ಲಿ. ಒಂದು ದಿನ ಗ್ಯಾರೇಜಿನವರು ಒಂದು ಚೀಟಿ ಬರೆದು ನಿಮ್ಮ ಕೈಗಿಡುತ್ತಾರೆ. ಅದರಲ್ಲಿರುವ ಮೊತ್ತ ಕಾರಿನ ಬೆಲೆಗಿಂತಲೂ ಹೆಚ್ಚು! ಆಗ ನೀವೇನು ಮಾಡುತ್ತೀರಿ?

ತುರುವೇಕೆರೆ ತಾಲೂಕಿನ ಸಂಪಿಗೆಯಲ್ಲಿರುವ ನನ್ನ ಪರಿಚಿತರೊಬ್ಬರಿಗೆ 2025ರ ಕೊನೆಯಲ್ಲಿ ಇದೇ ಪ್ರಶ್ನೆ ಎದುರಾಯಿತು. ಎರಡು ಎಕರೆ ತೆಂಗಿನ ತೋಟ, ಜೊತೆಗೊಂದು ಸಣ್ಣ ದಿನಸಿ ಅಂಗಡಿ ಅವರ ಜೀವನಾಧಾರ. ಕಾರು 2005ರ ಮಾರುತಿ 800, ಓಡಿದ್ದು 1,90,000 ಕಿಲೋಮೀಟರ್. ವಯಸ್ಸಾದ ತಾಯಿಯನ್ನು ತಿಂಗಳಿಗೆ ಎರಡು ಸಲ ತುಮಕೂರಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಇಂಜಿನ್ ಬೋರ್, ಕ್ಲಚ್, ರೇಡಿಯೇಟರ್ ಎಲ್ಲ ಸೇರಿ 42,000 ರೂಪಾಯಿ ಆಗುತ್ತದೆಂದು ಮೆಕ್ಯಾನಿಕ್ ಹೇಳಿದ್ದರು. "ಇನ್ನೂ ಆ ಡಬ್ಬ ಇಟ್ಕೊಂಡಿದ್ದೀರಾ? ಕಂತಿನ ಮೇಲೆ ಹೊಸದು ತಗೊಳ್ಳಿ" ಎಂದು ಬಂಧುಗಳ ಒತ್ತಾಯ. ಮನೆಯಲ್ಲಿದ್ದದ್ದು ಮಗಳ ನರ್ಸಿಂಗ್ ಕಾಲೇಜಿಗೆಂದು ಕೂಡಿಟ್ಟ 60,000 ರೂಪಾಯಿ ಮಾತ್ರ. ಅದನ್ನು ಯಾವ ಕಾರಣಕ್ಕೂ ಮುಟ್ಟಕೂಡದೆಂದು ಅವರ ಪತ್ನಿ ಮೊದಲೇ ಹೇಳಿಬಿಟ್ಟಿದ್ದರು.

"ಮೇಷ್ಟ್ರೇ, ಒಂದು ದಾರಿ ಹೇಳಿ" ಎಂದು ಅವರು ಬಂದು ಕುಳಿತಾಗ ನಾವು ಮೊದಲು ಕೈಗೆತ್ತಿಕೊಂಡದ್ದು ಕಾಗದ ಮತ್ತು ಪೆನ್ನು.

ವರ್ಷದ ಲೆಕ್ಕ ಹಾಕಿ

ದುರಸ್ತಿಯ ವೆಚ್ಚ ಕಾರಿನ ಬೆಲೆಯ ಅರ್ಧವನ್ನು ದಾಟಿದರೆ ಮಾರಿಬಿಡಬೇಕು ಎಂಬ ಮಾತೊಂದಿದೆ. ಕೇಳಲು ಸರಿಯೆನಿಸುತ್ತದೆ. ಆದರೆ ಹಳೆಯ ಕಾರನ್ನು ಮಾರಿದರೆ ಎಷ್ಟು ಬರುತ್ತದೆ ಎಂಬುದಷ್ಟೇ ಪ್ರಶ್ನೆಯಲ್ಲ. ಅದರ ಜಾಗಕ್ಕೆ ಬರುವ ಕಾರಿಗೆ ವರ್ಷಕ್ಕೆ ಎಷ್ಟು ಕೊಡಬೇಕು ಎಂಬುದೇ ನಿಜವಾದ ಪ್ರಶ್ನೆ.

ನಮ್ಮ ಲೆಕ್ಕ ಹೀಗಿತ್ತು: ದುರಸ್ತಿಗೆ 42,000, ನಾಲ್ಕು ಟೈರಿಗೆ 12,000, ಆರ್.ಸಿ. ನವೀಕರಣಕ್ಕೆ 10,000. ಒಟ್ಟು 64,000 ರೂಪಾಯಿ. ಕಾರು ಇನ್ನು ಮೂರು ವರ್ಷ ಓಡಿದರೆ ವರ್ಷಕ್ಕೆ ಸುಮಾರು 21,000. ವಿಮೆ ಮತ್ತು ಸಣ್ಣಪುಟ್ಟ ಸರ್ವೀಸಿಗೆ 14,000 ಸೇರಿಸಿದರೆ 35,000.

ಹೊಸ ಕಾರಿನ ಲೆಕ್ಕವನ್ನೂ ನೋಡಿ. 4 ಲಕ್ಷ ರೂಪಾಯಿ ಸಾಲ, ಶೇ. 9.5 ಬಡ್ಡಿ, ಐದು ವರ್ಷ ಎಂದು ಹಿಡಿದರೆ ತಿಂಗಳ ಕಂತು ಸುಮಾರು 8,400 ರೂಪಾಯಿ. ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು. ಐದು ವರ್ಷಗಳಲ್ಲಿ ಬಡ್ಡಿಯೊಂದೇ ಒಂದು ಲಕ್ಷ ದಾಟುತ್ತದೆ. ಮುಂಗಡ ಹಣ, ವಿಮೆ, ಸರ್ವೀಸ್ ಬೇರೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿರುವುದು ನಿಜ. ಆದರೆ ಬೆಲೆ ಇಳಿದ ಮಾತ್ರಕ್ಕೆ ಕಂತು ಹಗುರಾಗುವುದಿಲ್ಲ.

"ಹೊಸದು ಮೈಲೇಜ್ ಕೊಡುತ್ತದಲ್ಲ?" ಎಂದು ನೀವು ಕೇಳಬಹುದು. ವರ್ಷಕ್ಕೆ 6,000 ಕಿಲೋಮೀಟರ್ ಓಡಿಸುವವರಿಗೆ ಲೀಟರಿಗೆ 14ರ ಬದಲು 18 ಕಿಲೋಮೀಟರ್ ಸಿಕ್ಕರೆ ಉಳಿಯುವುದು ಸುಮಾರು 95 ಲೀಟರ್ ಪೆಟ್ರೋಲ್. ಲೀಟರಿಗೆ 100 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 9,500 ರೂಪಾಯಿ. ಅಂದರೆ ಒಂದು ಕಂತಿಗಿಂತ ತುಸು ಹೆಚ್ಚು. ಉಳಿದ ಹನ್ನೊಂದು ಕಂತುಗಳನ್ನು ಯಾರು ಕಟ್ಟುತ್ತಾರೆ?

ತೆಂಗಿನ ಸೀಮೆಯವರಿಗೆ ಇಲ್ಲಿ ಇನ್ನೊಂದು ಕಷ್ಟವಿದೆ. ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಲು ಸುಮಾರು ಒಂದು ವರ್ಷ ಬೇಕು. ಕಂತು ಪ್ರತಿ ತಿಂಗಳೂ ಬಾಗಿಲು ತಟ್ಟುತ್ತದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ದರ 8,000ದ ಆಸುಪಾಸಿಗೆ ಕುಸಿದದ್ದನ್ನು ನೀವು ಮರೆತಿರಲಾರಿರಿ. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. ದರ ಏರಿದ ವರ್ಷ ಸಾಲ ಮಾಡುವುದು ಸುಲಭ. ಇಳಿದ ವರ್ಷವೂ ಕಂತು ಮಾತ್ರ ಅಷ್ಟೇ ಇರುತ್ತದೆ. ಬಡ್ಡಿಯಿಂದ ದೂರವಿರಬೇಕೆಂದು ಬಯಸುವ ನಮ್ಮ ಮನೆಗಳಿಗೆ ಈ ಪ್ರಶ್ನೆ ಇನ್ನಷ್ಟು ಗಂಭೀರ. ನೆಂಟರ ಎದುರು ಮಾನ ಉಳಿಸಿಕೊಳ್ಳಲು ಬಡ್ಡಿಯ ಹೊರೆ ಹೊರುವುದು ಯಾವ ಜಾಣತನ?

ಹಾಗಾದರೆ ದುರಸ್ತಿಯೇ ಸರಿ ಎಂದು ನಮ್ಮ ಪರಿಚಿತರು ಎದ್ದು ನಿಂತರು. ಆದರೆ ಲೆಕ್ಕ ಇನ್ನೂ ಮುಗಿದಿರಲಿಲ್ಲ.

ಸುಳಿ ನೋಡಿದ್ದೀರಾ?

ಒಂದು ವರ್ಷ ಫಸಲು ಕಡಿಮೆಯಾಯಿತೆಂದು ಯಾವ ರೈತನೂ ತೆಂಗಿನ ಮರ ಕಡಿಯುವುದಿಲ್ಲ. ಗರಿ ಒಣಗಿದರೆ ಗರಿ ತೆಗೆಯುತ್ತಾನೆ, ಬುಡಕ್ಕೆ ಗೊಬ್ಬರ ಹಾಕುತ್ತಾನೆ. ಆದರೆ ಸುಳಿಯೇ ಪೂರ್ತಿ ಕೊಳೆತ ಮರಕ್ಕೆ ಗೊಬ್ಬರ ಸುರಿಯುವುದಿಲ್ಲ. ಕಾರಿಗೂ ಇದೇ ಮಾತು ಅನ್ವಯಿಸುತ್ತದೆ.

ಬ್ಯಾಟರಿ, ಕ್ಲಚ್, ರೇಡಿಯೇಟರ್, ಶಾಕ್ ಅಬ್ಸಾರ್ಬರ್, ಟೈರು ಇವೆಲ್ಲ ಗರಿಗಳು. ಸವೆಯುವುದೇ ಅವುಗಳ ಗುಣ, ಬದಲಿಸಬಹುದು. ಹೊಗೆಯನ್ನು ಗಮನಿಸಿದರೆ ಇಂಜಿನ್ನಿನ ಸ್ಥಿತಿಯೂ ತಿಳಿಯುತ್ತದೆ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ. ಇಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರಿನ ನೀರು ಇಂಜಿನ್ ಒಳಗೆ ಸೇರುತ್ತಿರಬಹುದು. ಇವುಗಳಿಗೂ ಮದ್ದಿದೆ. ಮಾರುತಿ 800ರ ಮೊದಲ ಕಾರು 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿಯಿತು, ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಮೂವತ್ತು ವರ್ಷ ಓಡಿದ ಗಾಡಿಯ ಕೆಲಸ ಬಲ್ಲ ಮೆಕ್ಯಾನಿಕ್‌ಗಳು ಇಂದಿಗೂ ಊರೂರಲ್ಲಿದ್ದಾರೆ.

ಮನಸ್ಸು ಮಾಡಿದರೆ ಎಂತಹ ಕಾರನ್ನೂ ಓಡಿಸಬಹುದು. ಹೊಸ ಕಾರು ಸಿಗುವುದು ಕಷ್ಟವಾದ ಕ್ಯೂಬಾದಲ್ಲಿ 1950ರ ದಶಕದ ಕಾರುಗಳು ಇಂದಿಗೂ ಓಡುತ್ತಿವೆ. ಆದ್ದರಿಂದ 'ಓಡುತ್ತದೆಯೇ' ಎಂದಷ್ಟೇ ಕೇಳಿದರೆ ಸಾಲದು. 'ಇದರಲ್ಲಿ ಮನೆಯವರನ್ನು ಕೂರಿಸಬಹುದೇ' ಎಂದು ಕೇಳಬೇಕು.

ಕಾರಿನ ಸುಳಿ ಇರುವುದು ಅದರ ತಳದಲ್ಲಿ. ಕಾರನ್ನು ಮೇಲೆತ್ತಿಸಿ ತಳದ ತಗಡು, ಸಸ್ಪೆನ್ಷನ್ ಕೂರುವ ಜಾಗ, ಬ್ರೇಕ್ ಪೈಪುಗಳನ್ನು ನೋಡಿಸಿ. ಸ್ಕ್ರೂಡ್ರೈವರಿನಿಂದ ಒತ್ತಿದಾಗ ತಗಡು ಪುಡಿಯಾಗಿ ಉದುರಿದರೆ ಅಪಾಯವಿದೆ ಎಂದರ್ಥ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 1217 ಎಂದಿದ್ದರೆ ಅದು 2017ರ 12ನೇ ವಾರದ ಟೈರು. ಗುಂಡಿ ಸವೆಯದಿದ್ದರೂ ಹಳತಾದ ರಬ್ಬರ್ ಬಿರುಕು ಬಿಡುತ್ತದೆ.

ನಮ್ಮ ಪರಿಚಿತರ ಚೀಟಿಯಲ್ಲಿ ಇಂಜಿನ್ ಇತ್ತು, ತಳ ಇರಲಿಲ್ಲ. ಬೇರೊಬ್ಬ ಮೆಕ್ಯಾನಿಕ್ ಬಳಿ ಕಾರನ್ನು ಎತ್ತಿಸಿದಾಗ ಹಿಂದಿನ ಸಸ್ಪೆನ್ಷನ್ ಹಿಡಿದಿರುವ ಜಾಗವೇ ತುಕ್ಕು ಹಿಡಿದು ಟೊಳ್ಳಾಗಿತ್ತು. "ಸಾಹೇಬ್ರೇ, ವೆಲ್ಡಿಂಗ್ ಮಾಡಿ ಕೊಡ್ತೀನಿ. ಆದ್ರೆ ನಿಮ್ಮ ತಾಯಿನ ಇದರಲ್ಲಿ ಕೂರಿಸ್ಬೇಡಿ" ಎಂದು ಆತ ನೇರವಾಗಿ ಹೇಳಿದರು. 42,000 ರೂಪಾಯಿಯ ಪ್ರಶ್ನೆ ಅಲ್ಲಿಗೆ ಮುಗಿಯಿತು. ದುಡ್ಡಿನ ಲೆಕ್ಕ ಎಷ್ಟೇ ಸರಿಯಿರಲಿ, ಪ್ರಾಣದ ಲೆಕ್ಕ ಅದಕ್ಕಿಂತ ದೊಡ್ಡದು.

ಕಾಗದ ಮತ್ತು ಪೆಟ್ರೋಲ್

ನಿಮ್ಮ ಕಾರಿನ ತಳ ಗಟ್ಟಿಯಾಗಿದ್ದರೆ ಮುಂದಿನ ಪ್ರಶ್ನೆ ಕಾಗದದ್ದು. ಹದಿನೈದು ವರ್ಷವಾದರೆ ಕಾರನ್ನು ಗುಜರಿಗೆ ಹಾಕಲೇಬೇಕೆಂದು ಹಲವರು ತಿಳಿದಿದ್ದಾರೆ. ಅಂತಹ ವಯಸ್ಸಿನ ನಿರ್ಬಂಧ ಬಂದದ್ದು ದೆಹಲಿ ಸುತ್ತಮುತ್ತಲ ಪ್ರದೇಶಕ್ಕೆ. ನಮ್ಮಲ್ಲಿ ಹದಿನೈದು ವರ್ಷದ ನಂತರ ಗಾಡಿಯನ್ನು ಪರೀಕ್ಷೆಗೊಪ್ಪಿಸಿ ಐದೈದು ವರ್ಷಕ್ಕೆ ಆರ್.ಸಿ. ನವೀಕರಿಸಬಹುದು. ತುರುವೇಕೆರೆ, ಚಿಕ್ಕನಾಯಕನಹಳ್ಳಿಯವರು ಇದಕ್ಕೆ ಹೋಗಬೇಕಾದದ್ದು ತಿಪಟೂರಿನ ಆರ್‌ಟಿಒ ಕಚೇರಿಗೆ. ಕೇಂದ್ರದ ನಿಯಮದಂತೆ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 600ರಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ಅದು 10,000 ಆಯಿತು.

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇದೆ. ಹಳೆಯ ಕಾರುಗಳ ರಬ್ಬರ್ ಪೈಪು, ಗ್ಯಾಸ್ಕೆಟ್‌ಗಳು ಇದಕ್ಕಾಗಿ ಮಾಡಿದವಲ್ಲ. ಎಥನಾಲ್ ಇಲ್ಲದ ಪೆಟ್ರೋಲಿಗೆಂದು ತಯಾರಾದ ಕಾರುಗಳ ಮೈಲೇಜ್ ಶೇ. 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಹಳೆಯ ಕಾರು ಇಟ್ಟುಕೊಳ್ಳುವವರು ಪೆಟ್ರೋಲ್ ಪೈಪುಗಳನ್ನು ಒಮ್ಮೆ ಬದಲಿಸಿಬಿಡುವುದು ಒಳ್ಳೆಯದು. ಪೆಟ್ರೋಲ್ ವಾಸನೆ ಬಂದರಂತೂ ಒಂದು ದಿನವೂ ಕಾಯಬೇಡಿ.

ಕೊಡುವಾಗಿನ ಹೊಣೆ

ಕಾರು ಮಾರಲು ನಿರ್ಧರಿಸಿದಿರಾ? ಅದರ ದೋಷವನ್ನು ಕೊಳ್ಳುವವರಿಗೆ ಹೇಳಿ. ತುಕ್ಕಿನ ಮೇಲೆ ಬಣ್ಣ ಬಳಿದು ಮಾರಿದರೆ ನಾಳೆ ಅದರಲ್ಲಿ ಕೂರುವುದು ಇನ್ನೊಬ್ಬರ ತಾಯಿ. ಆರ್.ಸಿ.ಯನ್ನು ಕೊಂಡವರ ಹೆಸರಿಗೆ ವರ್ಗಾಯಿಸದೆ ಕೀಲಿ ಕೊಡಬೇಡಿ. ಅಪಘಾತವಾದರೆ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ನೀಡಿದೆ. ಗುಜರಿಗೆ ಕೊಡುವುದಾದರೆ ಸರಕಾರದಲ್ಲಿ ನೋಂದಾಯಿತವಾದ ಕೇಂದ್ರಕ್ಕೇ ಕೊಟ್ಟು ಪ್ರಮಾಣಪತ್ರ ಪಡೆಯಿರಿ, ಆರ್.ಸಿ. ರದ್ದು ಮಾಡಿಸಿ.

ನಮ್ಮ ಪರಿಚಿತರು ಹಾಗೆಯೇ ಮಾಡಿದರು. ಮುಂದಿನ ನಾಲ್ಕು ತಿಂಗಳು ಮನೆಯಲ್ಲಿ ಕಾರು ಇರಲಿಲ್ಲ. ತಾಯಿಯ ಆಸ್ಪತ್ರೆಗೆ ಊರಿನ ಬಾಡಿಗೆ ಕಾರು, ಉಳಿದ ಓಡಾಟಕ್ಕೆ ಬಸ್ಸು. ಬಾಡಿಗೆಗೆ ಹೋದದ್ದು ಹೊಸ ಕಾರಿನ ಕಂತಿಗಿಂತ ಕಡಿಮೆಯೇ. ನಂತರ ಅಟ್ಟದ ಕೊಬ್ಬರಿ ಮಾರಿದ ಹಣದಲ್ಲಿ ಎಂಟು ವರ್ಷ ಹಳೆಯದಾದ ಕಾರೊಂದನ್ನು 2,10,000 ರೂಪಾಯಿಗೆ ನಗದು ಕೊಟ್ಟು ಕೊಂಡರು. ಕೊಳ್ಳುವ ಮುನ್ನ ಮೇಲೆತ್ತಿಸಿ ತಳ ನೋಡಲು ಮರೆಯಲಿಲ್ಲ! ಅದರ ಆರ್.ಸಿ.ಗೆ ಇನ್ನೂ ಏಳು ವರ್ಷವಿದೆ. ಅಂದರೆ ವರ್ಷಕ್ಕೆ 30,000 ರೂಪಾಯಿ. ಕಂತಿಲ್ಲ, ಬಡ್ಡಿಯಿಲ್ಲ.

ನಿಮ್ಮ ತೀರ್ಮಾನ ಬೇರೆಯಾಗಬಹುದು. ನಿಮ್ಮ ಕಾರಿನ ತಳ ಗಟ್ಟಿಯಿದ್ದರೆ ನೆಂಟರ ಮಾತಿಗೆ ಕಿವಿಗೊಡದೆ ದುರಸ್ತಿ ಮಾಡಿಸಿ, ಇನ್ನೂ ಕೆಲವು ವರ್ಷ ನೆಮ್ಮದಿಯಿಂದ ಓಡಿಸಿ. ಆದರೆ ಬಿಲ್ ಕೈಗೆ ಬಂದ ದಿನವೇ ಗಾಬರಿಯಲ್ಲಿ ನಿರ್ಧರಿಸಬೇಡಿ. ಮೊದಲು ತಳ ನೋಡಿಸಿ, ಆಮೇಲೆ ವರ್ಷದ ಲೆಕ್ಕ ಹಾಕಿ. ಮನೆಯವರನ್ನು ಜೊತೆಗೆ ಕೂರಿಸಿಕೊಂಡೇ ಹಾಕಿ.

ಅಂದ ಹಾಗೆ, ಮಗಳ ಫೀಸಿನ 60,000 ರೂಪಾಯಿ ಕಾಲೇಜಿಗೇ ಹೋಯಿತು. ಅವಳೀಗ ಮೊದಲ ವರ್ಷದಲ್ಲಿ ಓದುತ್ತಿದ್ದಾಳೆ.