ಟೊಂಗಾ: ಸೊಂಟಕ್ಕೆ ಚಾಪೆ ಸುತ್ತಿಕೊಂಡ ರಾಜ್ಯ

ಟೊಂಗಾಟಾಪು ದ್ವೀಪದ ಹಳ್ಳಿಗಳಲ್ಲಿ ನಡೆಯುತ್ತ ಹೋದರೆ ತೆಂಗಿನ ಮರಗಳ ಆಚೆಯಿಂದ ಟಕ್, ಟಕ್, ಟಕ್ ಎಂಬ ಸದ್ದು ಕೇಳುತ್ತದೆ. ಸದ್ದಿನ ಜಾಡು ಹಿಡಿದು ಹೋಗಿ. ತಗಡಿನ ಮಾಡಿನ ಕೆಳಗೆ ನಾಲ್ಕಾರು ಹೆಂಗಸರು ಉದ್ದನೆಯ ಮರದ ದಿಮ್ಮಿಯ ಮುಂದೆ ಕೂತು, ನೀರಲ್ಲಿ ನೆನೆಸಿದ ತೊಗಟೆಯ ಒಳಸಿಪ್ಪೆಯನ್ನು ಮರದ ಕೊಡತಿಯಿಂದ ಬಡಿಯುತ್ತಿರುತ್ತಾರೆ. ಗಿಡ ನಮ್ಮ ಹಿಪ್ಪುನೇರಳೆಯ ದಾಯಾದಿ. ಬಡಿದಷ್ಟೂ ಸಿಪ್ಪೆ ಅಗಲವಾಗುತ್ತ, ತೆಳುವಾಗುತ್ತ ಹೋಗುತ್ತದೆ. ಒಬ್ಬಳ ಕೈ ಚುರುಕಾದರೆ ಉಳಿದವರ ಕೈಯೂ ಚುರುಕಾಗುತ್ತದೆ, ಮಾತು ಮಾತ್ರ ನಿಲ್ಲುವುದಿಲ್ಲ. ಹೀಗೆ ಬಡಿದ ಪಟ್ಟಿಗಳನ್ನು ಅಂಟಿನಿಂದ ಸೇರಿಸಿ, ಕಂದು ಬಣ್ಣದಲ್ಲಿ ಚಿತ್ತಾರ ಬರೆದರೆ ಅದೇ ‘ಙಾಟು’. ಮದುವೆಗೆ ಅದು ಬೇಕು, ಸಾವಿಗೆ ಬೇಕು, ರಾಜ ಪಟ್ಟಕ್ಕೇರುವ ದಿನ ನೆಲಕ್ಕೆ ಹಾಸುವುದಕ್ಕೂ ಬೇಕು.

ಭಾನುವಾರ ಮಾತ್ರ ಕೊಡತಿಗಳು ಸುಮ್ಮನಿರುತ್ತವೆ. ಅಂದು ಊರಿಗೆ ಊರೇ ಇಗರ್ಜಿಯಲ್ಲಿ. ಹಿತ್ತಲ ಕುಳಿಯೊಲೆಯಲ್ಲಿ ಕಾದ ಕಲ್ಲುಗಳ ಮೇಲೆ ಕೆಸುವಿನೆಲೆಯಲ್ಲಿ ಸುತ್ತಿಟ್ಟ ಮಾಂಸ, ತೆಂಗಿನ ಹಾಲಿನಲ್ಲಿ ಬೇಯುತ್ತಿರುವ ಘಮ. ಇದು ಬರೀ ಭಕ್ತಿಯಲ್ಲ, ಕಾನೂನು. ಭಾನುವಾರ ಪವಿತ್ರ, ಅಂದು ಕಸುಬು ವ್ಯಾಪಾರ ಕೂಡದು ಎಂದು 1875ರ ಸಂವಿಧಾನದಲ್ಲೇ ಬರೆದಿದೆ. ಅದನ್ನು ಕೊಟ್ಟವನು ಒಂದನೆಯ ಜಾರ್ಜ್ ಟುಪೊ. ಹುಟ್ಟಿದ ಹೆಸರು ತೌಫಾಆಹೌ. ಕಾದಾಡಿ ಚದುರಿದ್ದ ದ್ವೀಪಗಳನ್ನು ಒಂದು ಮಾಡಿದವನು, 1831ರಲ್ಲಿ ಕ್ರೈಸ್ತನಾಗಿ ಇಂಗ್ಲೆಂಡಿನ ರಾಜನ ಹೆಸರಿಟ್ಟುಕೊಂಡವನು. ಸಂವಿಧಾನ ಬರೆಯಲು ನೆರವಾದದ್ದು ಶರ್ಲಿ ಬೇಕರ್ ಎಂಬ ಪಾದ್ರಿ. ಮುಂದೆ ಆತನೇ ಪ್ರಧಾನಿಯೂ ಆದ.

ರಾಜಧಾನಿ ನುಕುಅಲೋಫಾದ ಕಡಲ ದಂಡೆಯಲ್ಲಿ ಅರಮನೆ ಇದೆ. ಅರಮನೆ ಎಂದೊಡನೆ ಮೈಸೂರನ್ನು ನೆನೆಸಿಕೊಂಡವರಿಗೆ ನಿರಾಸೆಯಾದೀತು. ಬಿಳಿ ಬಣ್ಣದ ಹಲಗೆ ಗೋಡೆ, ಕೆಂಪು ಮಾಡು, ಸುತ್ತಲೂ ಜಗಲಿ, ಅಷ್ಟೆ. ನ್ಯೂಜಿಲೆಂಡಿನಲ್ಲಿ ಮರ ಕೊಯ್ದು, ಭಾಗಭಾಗವಾಗಿ ಹಡಗಿನಲ್ಲಿ ತಂದು 1867ರಲ್ಲಿ ಇಲ್ಲಿ ಜೋಡಿಸಿದ ಮನೆ. ಒಳಗೆ ಬಿಡುವುದಿಲ್ಲ, ಹೊರಗೆ ನಿಂತು ನೋಡಬಹುದು.

ದಾರಿಯಲ್ಲಿ ಎದುರಾಗುವವರ ಸೊಂಟ ಗಮನಿಸಿ. ಗುಮಾಸ್ತ, ಮೇಷ್ಟರು, ಮಂತ್ರಿ, ಯಾರೇ ಆಗಲಿ, ಅಂಗಿಯ ಮೇಲೆ ಮುಂಡುಗದ ಓಲೆಯಿಂದ ಹೆಣೆದ ಚಾಪೆಯೊಂದನ್ನು ಸುತ್ತಿ, ಹುರಿಯಿಂದ ಬಿಗಿದಿರುತ್ತಾರೆ. ಇದು ‘ತಾಓವಾಲಾ’. ಹೊಸದಕ್ಕಿಂತ ಹಳೆಯದಕ್ಕೇ ಬೆಲೆ. ಅಜ್ಜಿಯ ಕಾಲದ್ದು, ಅಂಚು ಹರಿದು ಓಲೆ ಜೋತಾಡುತ್ತಿದ್ದರೂ ಪೆಟ್ಟಿಗೆಯಿಂದ ಜೋಪಾನವಾಗಿ ತೆಗೆದು ಉಡುತ್ತಾರೆ. ಮನೆಯಲ್ಲಿ ಸಾವಾದರೆ ಒರಟು ಚಾಪೆಯೇ ಮೈತುಂಬ. ದೊಡ್ಡವರ ಮುಂದೆ ಸೊಂಟ ಬರಿದಾಗಿರುವುದು ಅಗೌರವ.

ಯಾರು ದೊಡ್ಡವರು ಎಂಬುದು ಕಾವಾ ಕೂಟದಲ್ಲಿ ಕಣ್ಣಿಗೇ ಕಾಣುತ್ತದೆ. ಕಾವಾ ಮೆಣಸಿನ ಬಳ್ಳಿಯ ಜಾತಿಯ ಗಿಡ. ಬೇರು ಕುಟ್ಟಿ, ಕಾಲುಗಳಿರುವ ಮರದ ಬೋಗುಣಿಯಲ್ಲಿ ನೀರಿಗೆ ಕಿವುಚಿ, ನಾರಿನಲ್ಲಿ ಸೋಸಿ, ತೆಂಗಿನ ಕರಟದಲ್ಲಿ ಕೊಡುತ್ತಾರೆ. ಮಣ್ಣಿನ ರುಚಿ, ನಾಲಿಗೆ ಜೋಮು ಹಿಡಿಯುತ್ತದೆ. ಯಾರು ಎಲ್ಲಿ ಕೂರಬೇಕು, ಕರಟ ಯಾರಿಗೆ ಯಾವಾಗ ಹೋಗಬೇಕು ಎಲ್ಲವೂ ಅಂತಸ್ತಿನ ಪ್ರಕಾರ. 2008ರಲ್ಲಿ ಐದನೆಯ ಜಾರ್ಜ್ ಟುಪೊ ಇಗರ್ಜಿಯಲ್ಲಿ ಕಿರೀಟ ಧರಿಸುವ ಮುನ್ನ ಹೀಗೆ ವರ್ತುಲದ ತಲೆಯಲ್ಲಿ ಕೂತು ಕಾವಾ ಕುಡಿಯಬೇಕಾಯಿತು. ಈ ಶ್ರೇಣಿ ಕಿರೀಟಕ್ಕಿಂತ ಎಷ್ಟೋ ಹಳೆಯದು. ಸಾವಿರ ವರ್ಷದ ಹಿಂದೆಯೇ ‘ತುಇ ಟೊಂಗಾ’ ಎಂಬ ಅರಸರಿದ್ದರು. ಲಪಾಹಾದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಅವರ ಗೋರಿಗಳ ಕಲ್ಲುಗಳನ್ನು ಮುಟ್ಟಿ ನೋಡಿದರೆ ಅದರ ಅಂದಾಜು ಸಿಗುತ್ತದೆ.

ಈ ಶ್ರೇಣಿಯ ಬುಡಕ್ಕೆ ಮೊದಲ ಪೆಟ್ಟು ಕೊಟ್ಟದ್ದೂ ಒಂದನೆಯ ಟುಪೊನೇ. 1862ರ ಜೂನ್ 4ರಂದು ಆತ ಜನರನ್ನು ಒಡೆಯರ ಬಿಟ್ಟಿ ಚಾಕರಿಯಿಂದ ಬಿಡಿಸಿದ. ಹದಿನಾರು ತುಂಬಿದ ಪ್ರತಿ ಗಂಡಸಿಗೂ ಎಂಟೂಕಾಲು ಎಕರೆ ಬೇಸಾಯದ ಭೂಮಿ, ಮನೆಗೊಂದು ನಿವೇಶನ ಎಂಬ ಹಕ್ಕು ಕಾಲಕ್ರಮದಲ್ಲಿ ಕಾನೂನಿಗೆ ಬಂತು. ಹೆಣ್ಣುಮಕ್ಕಳಿಗೆ ಆ ಹಕ್ಕಿಲ್ಲ, ಆ ಕೊರಗು ಇವತ್ತಿಗೂ ಇದೆ. ಭೂಮಿಯನ್ನು ಯಾರೂ ಮಾರುವಂತಿಲ್ಲ, ಪರದೇಶಿಯರಿಗಂತೂ ಸುತರಾಂ ಇಲ್ಲ. ಸುತ್ತಲ ದ್ವೀಪಗಳೆಲ್ಲ ಬಿಳಿಯರ ವಸಾಹತುಗಳಾದಾಗ ಟೊಂಗಾ 1900ರಲ್ಲಿ ಬ್ರಿಟನ್ನಿನ ರಕ್ಷಣೆಗೆ ಒಳಪಟ್ಟಿತೇ ಹೊರತು ಸಿಂಹಾಸನ ಬಿಟ್ಟುಕೊಡಲಿಲ್ಲ. 1970ರಲ್ಲಿ ಆ ರಕ್ಷಣೆಯೂ ಕೊನೆಗೊಂಡಿತು. ನಡುವೆ 47 ವರ್ಷ ಆಳಿದ ಸಾಲೊಟೆ ರಾಣಿಯನ್ನು ಹೊರಜಗತ್ತು ಕಂಡದ್ದು 1953ರಲ್ಲಿ: ಲಂಡನ್ನಿನ ಪಟ್ಟಾಭಿಷೇಕದ ಮೆರವಣಿಗೆಯಲ್ಲಿ ಸುರಿಯುವ ಮಳೆಯಲ್ಲೂ ಗಾಡಿಯ ಹೊದಿಕೆ ಏರಿಸದೆ ನಗುತ್ತ ಕೈಬೀಸಿದ ಆ ಎತ್ತರದ ಹೆಂಗಸು ಆಕೆಯೇ.

ಆಕೆಯ ಮಗನ ಕಾಲಕ್ಕೆ ದರ್ಬಾರು ಹದಗೆಟ್ಟಿತು. ಪರದೇಶಿಯರಿಗೆ ಪಾಸ್‌ಪೋರ್ಟ್ ಮಾರಿದ ಹಣ, ಆಸ್ಥಾನ ವಿದೂಷಕನೆಂದು ಅಧಿಕೃತವಾಗಿ ನೇಮಕಗೊಂಡ ಅಮೆರಿಕದ ಹಣಕಾಸು ಸಲಹೆಗಾರನ ಕೈಯಲ್ಲಿ, ಸುಮಾರು 2.6 ಕೋಟಿ ಡಾಲರಿನಷ್ಟು ಕರಗಿಹೋಯಿತು. ಕಥೆಗಾರ ಬರೆದಿದ್ದರೆ ಅತಿಯಾಯಿತು ಎನ್ನುತ್ತಿದ್ದೆವು. ಪ್ರಶ್ನೆ ಕೇಳಿದವರಲ್ಲಿ ಮುಂದಿದ್ದವನು ಅಕಿಲಿಸಿ ಪೋಹಿವಾ ಎಂಬ ಮೇಷ್ಟರು. ಕೆಲಸ ಕಳೆದುಕೊಂಡ, ಶಾಸಕನಾದ, 1996ರಲ್ಲಿ ಜೈಲಿಗೂ ಹೋದ. 2005ರಲ್ಲಿ ಸರ್ಕಾರಿ ನೌಕರರು ಆರು ವಾರ ಮುಷ್ಕರ ಹೂಡಿದರು. ಮರುವರ್ಷ ನವೆಂಬರ್ 16ರಂದು ದೊಂಬಿಯೆದ್ದು ನುಕುಅಲೋಫಾದ ಪೇಟೆಯ ಬಹುಪಾಲು ಸುಟ್ಟುಹೋಯಿತು, ಎಂಟು ಜನ ಸತ್ತರು.

ಆಮೇಲೆ ಐದನೆಯ ಟುಪೊ ಹೆಚ್ಚಿನ ಅಧಿಕಾರ ಬಿಟ್ಟುಕೊಟ್ಟ. 2010ರಲ್ಲಿ ಹೊಸ ಪದ್ಧತಿಯ ಚುನಾವಣೆ ನಡೆಯಿತು. ರಾಜ ದೊಡ್ಡಮನಸ್ಸಿನಿಂದ ಕೊಟ್ಟದ್ದು ಎಂದು ಹೇಳುವವರಿದ್ದಾರೆ. ಮುಷ್ಕರದಲ್ಲಿ ಕೂತ ನರ್ಸು, ಮೇಷ್ಟರುಗಳನ್ನು ಮರೆತರೆ ಮಾತ್ರ ಆ ಮಾತು ಒಪ್ಪಬಹುದು. 2014ರಲ್ಲಿ ಪೋಹಿವಾ ಪ್ರಧಾನಿಯಾದ. 2017ರಲ್ಲಿ ಆರನೆಯ ಟುಪೊ ಸಂಸತ್ತನ್ನೇ ವಿಸರ್ಜಿಸಿದಾಗ ಜನ ಮೊದಲಿಗಿಂತ ಹೆಚ್ಚು ಸ್ಥಾನ ಕೊಟ್ಟು ಅವನನ್ನೇ ಮತ್ತೆ ಕಳಿಸಿದರು. 2019ರಲ್ಲಿ ಆತ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡ.

ಮಸೂದೆಗೆ ಅಂಕಿತ ಹಾಕದೆ ತಡೆಯುವ ಅಧಿಕಾರ ಇಂದಿಗೂ ರಾಜನದೇ. ಚುನಾಯಿತ 26 ಸ್ಥಾನಗಳಲ್ಲಿ 17ನ್ನು ಸುಮಾರು ಒಂದು ಲಕ್ಷ ಜನರಿರುವ ನಾಡು ಆರಿಸುತ್ತದೆ, ಉಳಿದ 9ನ್ನು 33 ಶ್ರೀಮಂತ ಬಿರುದುಗಳ ಒಡೆಯರು ತಮ್ಮತಮ್ಮಲ್ಲೇ ಆರಿಸಿಕೊಳ್ಳುತ್ತಾರೆ.