ಹರ್ತ್‌ಸ್ಟೋನ್: ಡೆಕ್ ಕಟ್ಟುವ ಲೆಕ್ಕ, ಆಡುವ ಜಾಣ್ಮೆ

ಬ್ಲಿಜರ್ಡ್ ಕಂಪನಿ 2014ರಲ್ಲಿ ಬಿಡುಗಡೆ ಮಾಡಿದ ಹರ್ತ್‌ಸ್ಟೋನ್ ಎಂಬ ಡಿಜಿಟಲ್ ಕಾರ್ಡ್ ಆಟದಲ್ಲಿ ಡೆಕ್ ಎಂದರೆ ಸಾಮಾನ್ಯವಾಗಿ 30 ಕಾರ್ಡುಗಳು. ಒಂದೇ ಕಾರ್ಡಿನ ಎರಡು ಪ್ರತಿ ಇಟ್ಟುಕೊಳ್ಳಬಹುದು, ಅತಿ ಅಪರೂಪದ ಲೆಜೆಂಡರಿ ಕಾರ್ಡಾದರೆ ಒಂದೇ. ಕಾರ್ಡು ಆಡಲು ಮಾನಾ ಖರ್ಚಾಗುತ್ತದೆ. ಮೊದಲ ಸರದಿಯಲ್ಲಿ ಸಿಗುವುದು 1 ಮಾನಾ. ಸರದಿಗೊಂದರಂತೆ ಏರಿ 10ಕ್ಕೆ ನಿಲ್ಲುತ್ತದೆ. ಹೊಸಬರು ಎಡವುವುದು ಇಲ್ಲೇ. ಬಲವಾದವೆಂದು ದುಬಾರಿ ಕಾರ್ಡುಗಳನ್ನೇ ತುಂಬಿಕೊಂಡರೆ ಮೊದಲ ಸರದಿಗಳಲ್ಲಿ ಕೈಕಟ್ಟಿ ಕೂರಬೇಕಾಗುತ್ತದೆ. ವೇಗದ ದಾಳಿಯ ಡೆಕ್‌ಗೆ 1ರಿಂದ 3 ಮಾನಾದ ಕಾರ್ಡುಗಳೇ ಜೀವಾಳ. ಆಟವನ್ನು ಲಂಬಿಸಿ ಗೆಲ್ಲುವ ಕಂಟ್ರೋಲ್ ಡೆಕ್‌ಗೆ ಎದುರಾಳಿಯ ಪಡೆಯನ್ನು ಅಳಿಸುವ ಮಂತ್ರಗಳು ಬೇಕು.

ಪಂದ್ಯ ಶುರುವಾಗುವಾಗ ಮೊದಲು ಆಡುವವರಿಗೆ 3 ಕಾರ್ಡು. ಎರಡನೆಯವರಿಗೆ 4 ಕಾರ್ಡಿನ ಜೊತೆಗೆ ಒಮ್ಮೆ 1 ಮಾನಾ ಹೆಚ್ಚಿಗೆ ಕೊಡುವ ನಾಣ್ಯ. ಬೇಡದ ಕಾರ್ಡನ್ನು ಆರಂಭದಲ್ಲೇ ಬದಲಿಸಬಹುದು. ಎಷ್ಟೋ ಪಂದ್ಯಗಳ ಹಣೆಬರಹ ಈ ಆಯ್ಕೆಯಲ್ಲೇ ತೀರ್ಮಾನವಾಗುತ್ತದೆ.

ನುರಿತವರು ಪ್ರತಿ ಸರದಿಯಲ್ಲೂ ಮೊದಲು ನೋಡುವುದು ಎದುರಾಳಿಯ ಉಳಿದ ಪ್ರಾಣಬಲವನ್ನು. ಅದು 11 ಇದ್ದು, ತಮ್ಮ ಪಡೆಯ ಮಿನಿಯನ್‌ಗಳ ಹೊಡೆತ ಒಟ್ಟು 5 ಇದ್ದು, ಕೈಯಲ್ಲಿ 6 ಪೆಟ್ಟು ಕೊಡುವ ಫೈರ್‌ಬಾಲ್ ಮಂತ್ರ ಇದ್ದರೆ, ದಾರಿಗೆ ಅಡ್ಡ ನಿಲ್ಲುವ ಟಾಂಟ್ ಮಿನಿಯನ್ ಇಲ್ಲದಿದ್ದಾಗ, ಎದುರಿನ ಪಡೆಯ ಗೊಡವೆಗೇ ಹೋಗಬೇಕಿಲ್ಲ. ನೇರ ಹೊಡೆದರೆ ಆಟ ಮುಗಿಯಿತು.