ಟಾಹೋಗೆ ಹೊರಟಿದ್ದೀರಾ? ಟೈರ್ ಚೈನ್ ಮನೆ ಮುಂದೇನೇ ಒಮ್ಮೆ ಹಾಕಿ ನೋಡಿ

ಬೇ ಏರಿಯಾದಲ್ಲಿರೋ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ದಾರೆ: ‘ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಹಿಮ ತೋರಿಸೋಕೆ ಟಾಹೋಗೆ ಕರ್ಕೊಂಡು ಹೋಗ್ಬೇಕು. ನಮ್ಮದು ಆಲ್ ವೀಲ್ ಡ್ರೈವ್ ಕಾರು. ಆದ್ರೂ ಚೈನ್ ಬೇಕಾ?’

ಬೇಕು. ಕ್ಯಾಲಿಫೋರ್ನಿಯಾದ ಚೈನ್ ನಿಯಮದಲ್ಲಿ ಆರ್1, ಆರ್2, ಆರ್3 ಅಂತ ಮೂರು ಹಂತ. ಆರ್2 ಇದ್ದಾಗ, ನಾಲ್ಕೂ ಚಕ್ರಕ್ಕೆ ಸ್ನೋ ಟೈರ್ ಇರುವ ಆಲ್ ವೀಲ್ ಡ್ರೈವ್ ಗಾಡಿಗೆ ವಿನಾಯಿತಿ ಇದೆ. ಆದರೆ ಚೈನ್ ಡಿಕ್ಕಿಯಲ್ಲಿ ಇರಲೇಬೇಕು. ಆರ್3 ಅಂದ್ರೆ ಯಾರಿಗೂ ರಿಯಾಯಿತಿ ಇಲ್ಲ. ಅಷ್ಟರೊಳಗೆ ಸಾಮಾನ್ಯವಾಗಿ ರಸ್ತೆಯನ್ನೇ ಮುಚ್ಚಿರ್ತಾರೆ.

ನಿಯಮ ಬಿಡಿ. ಆಲ್ ವೀಲ್ ಡ್ರೈವ್ ಕಾರನ್ನು ಮುಂದಕ್ಕೆ ತಳ್ಳುತ್ತೆ, ನಿಲ್ಲಿಸಲ್ಲ. ಬ್ರೇಕ್ ಎಲ್ಲ ಕಾರಲ್ಲೂ ನಾಲ್ಕು ಚಕ್ರಕ್ಕೇ ಇರೋದು. ಇಳಿಜಾರಲ್ಲಿ ಕಾಯೋದು ಟೈರಿನ ಹಿಡಿತ ಮಾತ್ರ.

ಈ ಹಿಡಿತವನ್ನ ಅಮೆರಿಕದಲ್ಲಿ ಹೇಗೆ ಅಳೀತಾರೆ ಗೊತ್ತಾ? ಒತ್ತಿ ಗಟ್ಟಿ ಮಾಡಿದ ಹಿಮದ ಮೇಲೆ ಪರೀಕ್ಷಾ ವಾಹನದ ಚಕ್ರ ಜಾರುವವರೆಗೂ ತಿರುಗಿಸಿ, ಅದು ಎಷ್ಟು ಬಲವಾಗಿ ಎಳೆಯುತ್ತೆ ಅಂತ ನೋಡ್ತಾರೆ. ಹಿಮ ಗಂಟೆಗೊಂದು ಥರ ಇರುತ್ತಲ್ಲ, ಅದಕ್ಕೇ ಜೊತೆಯಲ್ಲೇ ಒಂದು ಪ್ರಮಾಣಿತ ಟೈರನ್ನೂ ಓಡಿಸಿ ಅದಕ್ಕೆ 100 ಅಂಕ ಇಟ್ಕೋತಾರೆ. ನಮ್ಮ ಟೈರ್ ಅದಕ್ಕಿಂತ ಸುಮಾರು ಶೇ 10ರಷ್ಟಾದರೂ ಮುಂದಿದ್ದರೆ, ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿರೋ ಚಿಹ್ನೆ ಸಿಗುತ್ತೆ. ಬರೀ ‘ಎಂ+ಎಸ್’ ಅಂತಿದ್ರೆ ಇಂಥ ಪರೀಕ್ಷೆ ಆಗಿರಬೇಕು ಅಂತೇನಿಲ್ಲ. ಅದು ಟೈರಿನ ಪಟ್ಟಿಯ ಆಕಾರ ನೋಡಿ ಹಾಕೋ ಗುರುತು. ಒಂದು ಎಚ್ಚರಿಕೆ: ಈ ಪರೀಕ್ಷೆ ಅಳೆಯೋದು ಎಳೆಯುವ ಶಕ್ತಿ. ಗಾಜಿನಂಥ ಮಂಜುಗಡ್ಡೆ ಮೇಲೆ ಕಾರು ಎಲ್ಲಿ ನಿಲ್ಲುತ್ತೆ ಅಂತ ಆ ಚಿಹ್ನೆ ಹೇಳಲ್ಲ.

ಇನ್ನು ನೀವೇ ಮಾಡ್ಬೇಕಾದ ಪರೀಕ್ಷೆ. ನಾನು ಮೊದಲ ಸಲ ಚೈನ್ ಹಾಕಿದ್ದು ಕತ್ತಲಲ್ಲಿ, ರಸ್ತೆ ಬದಿ, ಫೋನ್ ಟಾರ್ಚ್ ಹಿಡ್ಕೊಂಡು. ಬೆರಳು ಮರಗಟ್ಟಿ ಕೊಕ್ಕೆ ಸಿಗ್ತಾನೇ ಇರ್ಲಿಲ್ಲ. ಅರ್ಧ ಗಂಟೆ ಆದ್ಮೇಲೆ ಗೊತ್ತಾಯ್ತು, ತಂದಿದ್ದೇ ಬೇರೆ ಸೈಜು! ಹಾಗಾಗಿ ಹೊರಡೋ ಮುಂಚೆ ಹಗಲಲ್ಲಿ, ಒಣ ನೆಲದಲ್ಲಿ ಒಮ್ಮೆ ಹಾಕಿ ತೆಗೀರಿ. ಕಾರಿನ ಮ್ಯಾನ್ಯುಯಲ್ ಓದಿ: ಯಾವ ಚಕ್ರಕ್ಕೆ ಹಾಕ್ಬೇಕು, ಟೈರಿಗೂ ಒಳಗಿನ ಭಾಗಕ್ಕೂ ಚೈನ್ ಹಿಡಿಸೋಷ್ಟು ಜಾಗ ಇದೆಯಾ ಅಂತ ಅದ್ರಲ್ಲೇ ಇರುತ್ತೆ. ಜಾಗ ಕಡಿಮೆ ಇದ್ರೆ ಬಟ್ಟೆಯ ಸ್ನೋ ಸಾಕ್ ಒಂದು ದಾರಿ, ಆದ್ರೆ ಹಿಮ ಇಲ್ಲದ ಡಾಂಬರಲ್ಲಿ ಓಡಿಸಿದ್ರೆ ಬೇಗ ಹರಿದುಹೋಗುತ್ತೆ.

ಹಿಮದಲ್ಲಿ ಹಾಕಿದ ಮೇಲೆ ಸ್ವಲ್ಪ ದೂರ ಹೋಗಿ, ನಿಲ್ಲಿಸಿ, ಮತ್ತೆ ಬಿಗಿ ಮಾಡಿ. ಚೈನ್ ಇದ್ದಾಗ ವೇಗ ಗಂಟೆಗೆ 25–30 ಮೈಲಿ ಅಷ್ಟೇ. ಅಪ್ಪ ಅಮ್ಮನಿಗೆ ಮೊದಲೇ ಹೇಳಿಟ್ಟಿರಿ, ತಲುಪೋದು ತಡ ಆಗುತ್ತೆ ಅಂತ.